ಮಳೆ ಲೆಕ್ಕದ ಆ್ಯಪ್ ಬ್ರೌಸರಿನಲ್ಲಿ ತೆರೆಯದಿದ್ದಾಗ: ನೋಡ್ ಮಾಡ್ಯೂಲುಗಳ ದೋಷ ನಿವಾರಣೆ

ಕೊಡಗಿನಲ್ಲಿ ಕಾಫಿ ತೋಟವಿರುವ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಸಾಮಾನ್ಯವಾಗಿ ಇರುತ್ತದೆ. ಬೆಳಿಗ್ಗೆ ರೇನ್‌ಗೇಜ್ ನೋಡಿ ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆದಿಡುವುದು ಹಳೆಯ ರೂಢಿ. ಈಗ ಎಷ್ಟೋ ತೋಟಗಳಲ್ಲಿ ಆ ಪುಸ್ತಕದ ಜೊತೆಗೊಂದು ಸಿಎಸ್‌ವಿ ಫೈಲೂ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯದ ಫೈಲ್) ಇದೆ. ಗೋಣಿಕೊಪ್ಪದ ಸುತ್ತಮುತ್ತಲಿನ ಕೆಲವು ತೋಟಗಳಿಗೆ ನಾನು ನೋಡಿಕೊಳ್ಳುವ ಪ್ರೋಗ್ರಾಂ ಅಂಥ ಫೈಲನ್ನು ಓದಿ ತಿಂಗಳ ಮೊತ್ತ ಕೂಡಿಸುತ್ತದೆ. ಚೆಕ್‌ರೋಲನ್ನೂ, ಅಂದರೆ ಕೆಲಸಗಾರರ ಹಾಜರಿ ಮತ್ತು ಕೂಲಿಯ ಪಟ್ಟಿಯನ್ನೂ, ಅದೇ ನೋಡಿಕೊಳ್ಳುತ್ತದೆ. ಅದನ್ನು ಬರೆದದ್ದು ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನಲ್ಲಿ, ಓಡುತ್ತಿದ್ದದ್ದು ಬಾಡಿಗೆ ಸರ್ವರಿನಲ್ಲಿ. ತೋಟದ ರೈಟರ್ (ಲೆಕ್ಕ ಬರೆಯುವವರು) ಕಣದಲ್ಲಿ ನಿಂತೇ ಮೊಬೈಲಿನಲ್ಲಿ ಮಳೆ ತುಂಬಿಸಿ ಮೊತ್ತ ನೋಡುವಂತಿರಬೇಕು ಎಂಬ ಬೇಡಿಕೆ ಬಂದಾಗ ಅದೇ ಕೋಡನ್ನು ಬ್ರೌಸರಿಗೆ ತರಬೇಕಾಯಿತು. ಆಗ ಎದುರಾಗುವ ದೋಷಗಳನ್ನು ಹುಡುಕುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಗಟ್ಟಿಯಾಗಲಿ. ನೋಡ್‌ನಲ್ಲೂ ಕ್ರೋಮ್‌ನಲ್ಲೂ ಜಾವಾಸ್ಕ್ರಿಪ್ಟನ್ನು ಓಡಿಸುವುದು ವಿ8 ಎಂಬ ಒಂದೇ ಎಂಜಿನ್. ಭಾಷೆ ಒಂದೇ, ಸುತ್ತಲಿನ ಸೌಕರ್ಯ ಬೇರೆ. 2009ರಲ್ಲಿ ರಯಾನ್ ಡಾಲ್ ನೋಡ್ ಕಟ್ಟಿದಾಗ ಸರ್ವರಿನ ಕೆಲಸಕ್ಕೆ ಬೇಕಾದ ಫೈಲ್, ಸಾಕೆಟ್, ಪ್ರೊಸೆಸ್‌ಗಳನ್ನು ಭಾಷೆಯ ಕೈಗೆ ಕೊಟ್ಟರು. ಯಾವುದೋ ಜಾಲತಾಣ ನಮ್ಮ ಹಾರ್ಡ್‌ಡಿಸ್ಕನ್ನು ಓದಬಾರದು ಎಂದು ಬ್ರೌಸರ್ ಅದೇ ಸೌಕರ್ಯಗಳನ್ನು ಬೇಕೆಂದೇ ತಡೆಯುತ್ತದೆ. ಎನ್‌ಪಿಎಂ ಎಂಬ ಸಿದ್ಧ ಕೋಡಿನ ಭಂಡಾರದಲ್ಲಿ ಎರಡೂ ಕಡೆಗೆ ಬರೆದ ಪ್ಯಾಕೇಜುಗಳು ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ಇನ್‌ಸ್ಟಾಲ್ ಆಯಿತು ಎಂದರೆ ಡೌನ್‌ಲೋಡ್ ಆಯಿತು ಎಂದಷ್ಟೇ ಅರ್ಥ, ಬ್ರೌಸರಿನಲ್ಲಿ ಓಡುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ಮೊದಲ ಕೆಂಪು ಸಾಲು

ಬಿಳಿ ಪುಟ ಕಂಡ ಕೂಡಲೇ ಕೋಡಿಗೆ ಕೈಹಾಕಬೇಡಿ. ಡೆವಲಪರ್ ಟೂಲ್ಸ್ ತೆರೆದು, ಕನ್ಸೋಲಿಗೆ ಹೋಗಿ, ಪುಟವನ್ನು ಮತ್ತೆ ಲೋಡ್ ಮಾಡಿ ಎಲ್ಲಕ್ಕಿಂತ ಮೇಲಿನ ಕೆಂಪು ಸಾಲನ್ನು ಓದಿ. ಒಂದು ಮಾಡ್ಯೂಲ್, ಅಂದರೆ ಕೋಡಿನ ಬಿಡಿ ತುಂಡು, ಬರದಿದ್ದರೆ ಅದನ್ನು ನಂಬಿದ ಹತ್ತು ಜಾಗಗಳಲ್ಲಿ ದೋಷ ಕಾಣುತ್ತದೆ. ಕೆಳಗಿನವೆಲ್ಲ ಮೊದಲನೆಯದರ ಮಕ್ಕಳು. ಮೊಬೈಲಿನಲ್ಲಿ ಮಾತ್ರ ಕೆಡುತ್ತಿದ್ದರೆ ಫೋನನ್ನು ಯುಎಸ್‌ಬಿ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕ್ರೋಮ್‌ನ ಇನ್ಸ್‌ಪೆಕ್ಟ್ ಪುಟದಿಂದ ಫೋನಿನ ಕನ್ಸೋಲನ್ನೇ ಓದಬಹುದು.

ಇನ್ನೊಂದು ಪ್ರಶ್ನೆಯನ್ನೂ ಆಗಲೇ ಕೇಳಿಕೊಳ್ಳಿ. ದೋಷ ಕಂಡದ್ದು ಟರ್ಮಿನಲ್ಲಿನಲ್ಲಿ ಬಿಲ್ಡ್ ಮಾಡುವಾಗಲೋ, ಬ್ರೌಸರಿನಲ್ಲಿ ಪುಟ ಓಡುವಾಗಲೋ? ಬಿಲ್ಡ್ ಹೊತ್ತಿನ ದೋಷ ಬಂಡ್ಲರಿನ, ಅಂದರೆ ಎಲ್ಲ ಫೈಲುಗಳನ್ನು ಬ್ರೌಸರಿಗೆಂದು ಕಟ್ಟು (ಬಂಡಲ್) ಮಾಡುವ ಸಾಧನದ, ದೂರು. ಓಡುವ ಹೊತ್ತಿನ ದೋಷ ಬ್ರೌಸರಿನ ದೂರು. ಇವೆರಡನ್ನು ಕಲಸಿಕೊಂಡರೆ ಬಂಡ್ಲರಿನ ಸಂರಚನೆ ತಿದ್ದುತ್ತ ಕೂತು ಬ್ರೌಸರಿನ ದೋಷವನ್ನು ಎಂದಿಗೂ ಮುಟ್ಟುವುದಿಲ್ಲ.

ರಿಕ್ವೈರ್ ಈಸ್ ನಾಟ್ ಡಿಫೈನ್ಡ್

ನೋಡ್‌ಗೆ ಬರೆದ ಫೈಲನ್ನು ಸ್ಕ್ರಿಪ್ಟ್ ಟ್ಯಾಗಿನಲ್ಲಿ ನೇರ ಹಾಕಿದಾಗ ಸಾಮಾನ್ಯವಾಗಿ ಮೊದಲು ಬರುವುದು ಇದೇ. ಬೇರೆ ಫೈಲಿನ ಕೋಡನ್ನು ಒಳಗೆ ತರುವ ರಿಕ್ವೈರ್ ಎಂಬುದು ಜಾವಾಸ್ಕ್ರಿಪ್ಟ್ ಭಾಷೆಯ ಭಾಗವಲ್ಲ. ನೋಡ್ ಪ್ರತಿಯೊಂದು ಕಾಮನ್‌ಜೆಎಸ್ (ರಿಕ್ವೈರ್ ಬಳಸುವ ಮಾಡ್ಯೂಲ್ ಪದ್ಧತಿ) ಫೈಲನ್ನೂ ಒಂದು ಫಂಕ್ಷನ್ನಿನೊಳಗೆ ಸುತ್ತಿ, ರಿಕ್ವೈರ್, ಮಾಡ್ಯೂಲ್, ಎಕ್ಸ್‌ಪೋರ್ಟ್ಸ್, ಜೊತೆಗೆ ಫೈಲಿನ ಹೆಸರು ಮತ್ತು ಅದಿರುವ ಫೋಲ್ಡರಿನ ಹೆಸರು, ಹೀಗೆ ಐದು ವಸ್ತುಗಳನ್ನು ಒಳಗೆ ಕೊಡುತ್ತದೆ. ಬ್ರೌಸರಿನಲ್ಲಿ ಈ ಸುತ್ತುವ ಕೆಲಸ ಮಾಡುವವರು ಯಾರೂ ಇಲ್ಲ. ಮೇಲಾಗಿ ರಿಕ್ವೈರ್ ಕರೆದ ಜಾಗದಲ್ಲೇ ನಿಂತು, ಡಿಸ್ಕಿನಿಂದ ಫೈಲ್ ಓದಿ ಮುಗಿದ ಮೇಲೇ ಮುಂದಿನ ಸಾಲಿಗೆ ಹೋಗುತ್ತದೆ. ಬ್ರೌಸರಿನಲ್ಲಿ ಪ್ರತಿ ಫೈಲೂ ನೆಟ್‌ವರ್ಕಿನ ಮೂಲಕ ಬರಬೇಕು; ಅಲ್ಲಿ ಹಾಗೆ ನಿಂತು ಕಾಯುವ ಪದ್ಧತಿ ಒಗ್ಗುವುದಿಲ್ಲ.

ಹೆಸರು ಒಂದೇ ಎಂದು ರಿಕ್ವೈರ್‌ಜೆಎಸ್ ಲೈಬ್ರರಿಯನ್ನು ತಂದು ಹಾಕುವವರಿದ್ದಾರೆ. ಅದು ಎಎಂಡಿ ಎಂಬ ಬೇರೆಯೇ ಪದ್ಧತಿಯದು. ನೋಡ್ ಶೈಲಿಯಲ್ಲಿ ಒಂದು ಹೆಸರು ಕೊಟ್ಟು ಕರೆದರೆ, ಆ ಮಾಡ್ಯೂಲ್ ಇನ್ನೂ ಲೋಡ್ ಆಗಿಲ್ಲ ಎಂದು ಅದೂ ದೂರುತ್ತದೆ. ಸರಿಯಾದ ದಾರಿ ಬಂಡ್ಲರ್: ವೀಟ್, ಇಎಸ್‌ಬಿಲ್ಡ್ ಅಥವಾ ವೆಬ್‌ಪ್ಯಾಕ್. ಹೊಸದಾಗಿ ಶುರು ಮಾಡುವವರಿಗೆ ನಾನು ವೀಟ್ ಹೇಳುತ್ತೇನೆ. ಈಗಾಗಲೇ ವೆಬ್‌ಪ್ಯಾಕ್ ಇದ್ದು ನಡೆಯುತ್ತಿದ್ದರೆ ಇದೊಂದಕ್ಕಾಗಿ ಬದಲಿಸಬೇಕಿಲ್ಲ.

ಇದರ ನೆಂಟರು ಇನ್ನೂ ಕೆಲವರಿದ್ದಾರೆ. "ಕ್ಯಾನಾಟ್ ಯೂಸ್ ಇಂಪೋರ್ಟ್ ಸ್ಟೇಟ್‌ಮೆಂಟ್ ಔಟ್‌ಸೈಡ್ ಎ ಮಾಡ್ಯೂಲ್" ಎಂದು ಬಂದರೆ ಸ್ಕ್ರಿಪ್ಟ್ ಟ್ಯಾಗಿನಲ್ಲಿ ಟೈಪ್ ಮಾಡ್ಯೂಲ್ ಎಂದು ಬರೆದಿಲ್ಲ. "ಫೇಲ್ಡ್ ಟು ರಿಸಾಲ್ವ್ ಮಾಡ್ಯೂಲ್ ಸ್ಪೆಸಿಫೈಯರ್" ಎಂದರೆ ನೀವು ಬರೀ ಪ್ಯಾಕೇಜಿನ ಹೆಸರು ಕೊಟ್ಟಿದ್ದೀರಿ. ನೋಡ್‌ಗೆ ಆ ಹೆಸರಾದರೆ ಸಾಕು, ನೋಡ್ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಹುಡುಕಿಕೊಳ್ಳುತ್ತದೆ. ಬ್ರೌಸರಿಗೆ ಪೂರ್ತಿ ವಿಳಾಸ ಬೇಕು, ಇಲ್ಲವೇ ಸ್ಲ್ಯಾಷಿನಿಂದಲೋ ಚುಕ್ಕೆ ಸ್ಲ್ಯಾಷಿನಿಂದಲೋ ಶುರುವಾಗುವ ದಾರಿ ಬೇಕು. ಒಂದೆರಡು ಸಣ್ಣ ಪ್ಯಾಕೇಜುಗಳಷ್ಟೇ ಇದ್ದು ಅವು ಇಎಸ್ ಮಾಡ್ಯೂಲ್ (ಇಂಪೋರ್ಟ್ ಬಳಸುವ, ಭಾಷೆಯದೇ ಪದ್ಧತಿ) ರೂಪದಲ್ಲೇ ಸಿಗುವುದಾದರೆ ಬಂಡ್ಲರ್ ಇಲ್ಲದೆಯೂ, ಯಾವ ಹೆಸರಿಗೆ ಯಾವ ವಿಳಾಸ ಎಂದು ಹೇಳುವ ಇಂಪೋರ್ಟ್ ಮ್ಯಾಪ್ ಬರೆದು ಸಾಗಿಸಬಹುದು. ಕ್ರೋಮ್ 89ರಿಂದ, ಫೈರ್‌ಫಾಕ್ಸ್ 108ರಿಂದ, ಸಫಾರಿ 16.4ರಿಂದ ಅದು ನಡೆಯುತ್ತದೆ. ಕೆಲಸಗಾರರ ಲೈನ್ ಮನೆಗಳಲ್ಲಿ, ಕಣಗಳಲ್ಲಿ ಹಳೆಯ ಫೋನುಗಳೇ ಹೆಚ್ಚಿದ್ದರೆ ಬಂಡ್ಲರಿನ ದಾರಿಯೇ ಕ್ಷೇಮ.

ಎಚ್‌ಟಿಎಂಎಲ್ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ ಕಾರ್ಸ್ (ಬೇರೆ ಮೂಲದಿಂದ ತರುವುದಕ್ಕೆ ಬ್ರೌಸರಿನ ತಡೆ) ದೋಷ ಬಂದರೆ ಕೋಡ್ ತಪ್ಪಿಲ್ಲದಿರಬಹುದು. ಫೈಲ್ ವಿಳಾಸದಿಂದ ಮಾಡ್ಯೂಲ್ ಲೋಡ್ ಮಾಡಲು ಬ್ರೌಸರ್ ಒಪ್ಪುವುದಿಲ್ಲ, ಒಂದು ಸಣ್ಣ ಲೋಕಲ್ ಸರ್ವರ್ ಬೇಕೇ ಬೇಕು. ಜಾವಾಸ್ಕ್ರಿಪ್ಟ್ ಬರಬೇಕಾದಲ್ಲಿ ಟೆಕ್ಸ್ಟ್ ಎಚ್‌ಟಿಎಂಎಲ್ ಬಂದಿದೆ ಎಂಬ ದೂರು ಕಂಡರೆ ಫೈಲಿನ ದಾರಿ ತಪ್ಪಿದೆ, ಸರ್ವರ್ ಅದರ ಬದಲು ಮುಖಪುಟವನ್ನೋ 404 ಪುಟವನ್ನೋ ಕಳಿಸಿದೆ. ನೆಟ್‌ವರ್ಕ್ ಟ್ಯಾಬಿನಲ್ಲಿ ಆ ಫೈಲಿನ ಮೇಲೆ ಕ್ಲಿಕ್ ಮಾಡಿ ಬಂದ ಉತ್ತರ ನೋಡಿದರೆ ಕೂಡಲೇ ತಿಳಿಯುತ್ತದೆ.

ಬಿಲ್ಡ್ ಹೊತ್ತಿನಲ್ಲಿ: ಕ್ಯಾಂಟ್ ರಿಸಾಲ್ವ್ ಕ್ರಿಪ್ಟೋ, ಸ್ಟ್ರೀಮ್, ಎಫ್ಎಸ್

ವೆಬ್‌ಪ್ಯಾಕ್ 4ರಲ್ಲಿ ಬಿಲ್ಡ್ ಆಗುತ್ತಿದ್ದ ಪ್ರಾಜೆಕ್ಟ್ 5ಕ್ಕೆ ಏರಿಸಿದ ಕೂಡಲೇ ನಿಲ್ಲುವುದು ಇಲ್ಲಿ. ಹಳೆಯ ಆವೃತ್ತಿಗಳು ನೋಡ್‌ನ ಒಳಗಿನ ಮಾಡ್ಯೂಲುಗಳಿಗೆ ಬದಲಿ ಕೋಡನ್ನು, ಅಂದರೆ ಪಾಲಿಫಿಲ್‌ಗಳನ್ನು, ಕೇಳದೆಯೇ ಸೇರಿಸುತ್ತಿದ್ದವು. 2020ರ ಅಕ್ಟೋಬರಿನಲ್ಲಿ ಬಂದ ವೆಬ್‌ಪ್ಯಾಕ್ 5 ಅದನ್ನು ನಿಲ್ಲಿಸಿತು. ದೋಷದ ಸಂದೇಶವೇ ಪರಿಹಾರವನ್ನೂ ಸೂಚಿಸುತ್ತದೆ: ರಿಸಾಲ್ವ್ ಫಾಲ್‌ಬ್ಯಾಕ್ ಎಂಬ ಸಂರಚನೆಯಲ್ಲಿ ಇಂಥ ಪ್ಯಾಕೇಜ್ ಸೇರಿಸಿ, ಇಲ್ಲವೇ ಫಾಲ್ಸ್ ಎಂದು ಬರೆಯಿರಿ ಎಂದು. ಆ ಸೂಚನೆಯನ್ನು ಹಾಗೆಯೇ ನಕಲು ಮಾಡುವುದನ್ನು ನಾನು ಬಲವಾಗಿ ಬೇಡವೆನ್ನುತ್ತೇನೆ. ಅದು ಬಿಲ್ಡಿನ ಬಾಯಿ ಮುಚ್ಚಿಸುತ್ತದೆ, ಅಷ್ಟೆ. ಮೂರು ಫೇಸಿನ ಪಂಪ್ ಮೋಟರಿಗೆ ಮನೆಯ ಪ್ಲಗ್ ಹಾಕಿದರೆ ಸಾಕೆಟ್ಟಿಗೆ ಕೂರುತ್ತದೆ, ತೋಟಕ್ಕೆ ನೀರು ಬರುವುದಿಲ್ಲ. ಫಾಲ್‌ಬ್ಯಾಕ್ ಎಷ್ಟೋ ಸಲ ಅಂಥದೇ ಪ್ಲಗ್ಗು.

ಮೊದಲು ಆ ಮಾಡ್ಯೂಲನ್ನು ಕೇಳಿದವರು ಯಾರು ಎಂದು ಹಿಡಿಯಿರಿ. ದೋಷದ ಸಾಲಿನಲ್ಲಿ ಫೈಲಿನ ದಾರಿ ಇರುತ್ತದೆ. ಅದು ನಿಮ್ಮದೇ ಕೋಡೋ, ನೋಡ್ ಮಾಡ್ಯೂಲ್ಸ್ ಫೋಲ್ಡರಿನ ಯಾವುದೋ ಪ್ಯಾಕೇಜೋ ನೋಡಿ. ಪ್ಯಾಕೇಜಾಗಿದ್ದರೆ "ಎನ್‌ಪಿಎಂ ಎಕ್ಸ್‌ಪ್ಲೇನ್" ಎಂದು ಬರೆದು ಮುಂದೆ ಅದರ ಹೆಸರು ಕೊಡಿ. ಯಾರು ಯಾರನ್ನು ಎಳೆದುಕೊಂಡು ಬಂದರು ಎಂಬ ಸರಪಳಿ ಕಾಣುತ್ತದೆ. ಕಾಣದ ಹತ್ತು ಪ್ಯಾಕೇಜುಗಳಿಗೆ ಕಾರಣ ಒಂದೇ ಒಂದು ಅನಗತ್ಯ ಲೈಬ್ರರಿ ಎಂದು ಇಲ್ಲಿಯೇ ಎಷ್ಟೋ ಸಲ ಗೊತ್ತಾಗುತ್ತದೆ. ಅದನ್ನು ತೆಗೆದರೆ ಉಳಿದ ತೊಂದರೆಗಳೂ ಅದರ ಹಿಂದೆಯೇ ಹೋಗುತ್ತವೆ.

ಆಮೇಲೆ ಕೇಳಿದ ಮಾಡ್ಯೂಲಿನ ಸ್ವಭಾವ ನೋಡಬೇಕು. ಪಾತ್, ಇವೆಂಟ್ಸ್, ಯುಟಿಲ್ ಬಹುಮಟ್ಟಿಗೆ ಬರೀ ಲೆಕ್ಕಾಚಾರ. ಅಕ್ಷರ ಕತ್ತರಿಸುವುದು, ಜೋಡಿಸುವುದು, ಪಟ್ಟಿ ಇಡುವುದು. ಇವಕ್ಕೆ ಪಾತ್-ಬ್ರೌಸರಿಫೈ, ಇವೆಂಟ್ಸ್ ಮುಂತಾದ ಬದಲಿ ಪ್ಯಾಕೇಜ್ ಹಾಕಿದರೆ ನಿಜವಾಗಿಯೂ ಕೆಲಸ ನಡೆಯುತ್ತದೆ. ಎರಡನೆಯ ಬಗೆಯವಕ್ಕೆ ಬ್ರೌಸರಿನಲ್ಲಿ ತನ್ನದೇ ಆದ ಸಾಧನವಿದೆ. ಎಚ್‌ಟಿಟಿಪಿ ಬದಲು ಫೆಚ್, ಕ್ವೆರಿಸ್ಟ್ರಿಂಗ್ ಬದಲು ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್, ಕ್ರಿಪ್ಟೋ ಬದಲು ವೆಬ್ ಕ್ರಿಪ್ಟೋ. ಇಲ್ಲಿ ಪಾಲಿಫಿಲ್ ತರುವುದು ದಂಡ; ಕ್ರಿಪ್ಟೋ-ಬ್ರೌಸರಿಫೈ ಒಂದೇ ಬಂಡಲನ್ನು ಚೆನ್ನಾಗಿ ಊದಿಸುತ್ತದೆ. ಬದಲಿಸುವಾಗ ಒಂದು ಎಚ್ಚರ ಬೇಕು. ನೋಡ್‌ನ ಕ್ರಿಯೇಟ್‌ಹ್ಯಾಷ್ ಉತ್ತರವನ್ನು ಅಲ್ಲೇ ಕೊಡುತ್ತದೆ, ಬ್ರೌಸರಿನ ಸಟಲ್ ಡೈಜೆಸ್ಟ್ ಪ್ರಾಮಿಸ್, ಅಂದರೆ ಉತ್ತರ ಆಮೇಲೆ ಬರುತ್ತದೆ ಎಂಬ ಮಾತು, ಕೊಡುತ್ತದೆ. ಉತ್ತರಕ್ಕೆ ಕಾಯುವ ಅವೇಟ್ ಮರೆತರೆ ಹ್ಯಾಷ್ ಇರಬೇಕಾದ ಜಾಗದಲ್ಲಿ "ಆಬ್ಜೆಕ್ಟ್ ಪ್ರಾಮಿಸ್" ಎಂಬ ಅಕ್ಷರಗಳು ಕೂತುಬಿಡುತ್ತವೆ, ದೋಷವೇ ಕಾಣುವುದಿಲ್ಲ. ಎಂಡಿ5 ಎಂಬ ಹಳೆಯ ಹ್ಯಾಷ್ ಬಗೆ ಬ್ರೌಸರಿನಲ್ಲಿ ಇಲ್ಲವೇ ಇಲ್ಲ.

ಮೂರನೆಯ ಬಗೆ ಫೈಲ್ ಓದಿ ಬರೆಯುವ ಎಫ್ಎಸ್, ಜಾಲ ಸಂಪರ್ಕದ ನೆಟ್, ಟಿಎಲ್ಎಸ್, ಡಿಎನ್ಎಸ್, ಬೇರೆ ಪ್ರೋಗ್ರಾಂ ಓಡಿಸುವ ಚೈಲ್ಡ್ ಪ್ರೊಸೆಸ್. ಇವು ಕೇಳುವುದು ಯಂತ್ರವನ್ನೇ. ಬ್ರೌಸರಿನಲ್ಲಿ ಇವನ್ನು ಹಾಗೆಯೇ ಕೊಡುವ ಪಾಲಿಫಿಲ್ ಇಲ್ಲ. ಫಾಲ್‌ಬ್ಯಾಕಿನಲ್ಲಿ ಫಾಲ್ಸ್ ಬರೆದರೆ ಬಿಲ್ಡ್ ಹಸಿರಾಗುತ್ತದೆ, ಪುಟವೂ ತೆರೆಯುತ್ತದೆ, ರೈಟರ್ ಫೈಲ್ ಓದುವ ಬಟನ್ ಒತ್ತಿದಾಗ "ರೀಡ್‌ಫೈಲ್‌ಸಿಂಕ್ ಈಸ್ ನಾಟ್ ಎ ಫಂಕ್ಷನ್" ಎಂದು ಬೀಳುತ್ತದೆ. ವೀಟ್‌ನಲ್ಲಿ ಇದರ ಮುಖ ಸ್ವಲ್ಪ ಬೇರೆ. "ಮಾಡ್ಯೂಲ್ ಎಫ್ಎಸ್ ಹ್ಯಾಸ್ ಬೀನ್ ಎಕ್ಸ್‌ಟರ್ನಲೈಸ್ಡ್ ಫಾರ್ ಬ್ರೌಸರ್ ಕಂಪ್ಯಾಟಿಬಿಲಿಟಿ" ಎಂಬ ಎಚ್ಚರಿಕೆ ಕೊಟ್ಟು ಅದು ಮುಂದೆ ಹೋಗುತ್ತದೆ. ಆ ಎಚ್ಚರಿಕೆಯನ್ನು ದೋಷ ಎಂದೇ ಎಣಿಸಿ.

ಮಳೆ ಫೈಲನ್ನು ಓದುವ ಕೋಡಿಗೆ ಮಾಡಬೇಕಾದ್ದು

ಮೂರನೆಯ ಬಗೆಯ ದೋಷಕ್ಕೆ ಮದ್ದು ಕೋಡನ್ನು ಎರಡಾಗಿ ಸೀಳುವುದು. ಹಳೆಯ ಪ್ರೋಗ್ರಾಮಿನಲ್ಲಿ ಒಂದೇ ಫಂಕ್ಷನ್ ಫೈಲ್ ಓದಿ, ಸಾಲು ಬಿಡಿಸಿ, ತಿಂಗಳಿಗೆ ಕೂಡಿಸಿ, ಕೊನೆಗೆ ವರದಿ ಬರೆಯುತ್ತಿತ್ತು. ಅದರಲ್ಲಿ ಯಂತ್ರವನ್ನು ಮುಟ್ಟುವುದು ಮೊದಲ ಹೆಜ್ಜೆ ಮತ್ತು ಕೊನೆಯ ಹೆಜ್ಜೆ ಮಾತ್ರ. ನಡುವಿನದೆಲ್ಲ ಬರೀ ಲೆಕ್ಕ. ಆ ನಡುವಿನ ಭಾಗವನ್ನು ಬೇರೆ ಫೈಲಿಗೆ ತೆಗೆದು, ಪಠ್ಯವನ್ನು ಪಡೆದು ಮೊತ್ತ ಕೊಡುವ ಫಂಕ್ಷನ್ ಮಾಡಿ. ಅದರೊಳಗೆ ಯಾವ ನೋಡ್ ಮಾಡ್ಯೂಲಿನ ಹೆಸರೂ ಬರಬಾರದು. ಸರ್ವರಿನಲ್ಲಿ ಎಫ್ಎಸ್ ಪಠ್ಯ ಓದಿ ಅದಕ್ಕೆ ಕೊಡಲಿ. ಬ್ರೌಸರಿನಲ್ಲಿ ಫೈಲ್ ಆರಿಸುವ ಇನ್‌ಪುಟ್ ಇಟ್ಟು, ಆರಿಸಿದ ಫೈಲಿನ ಟೆಕ್ಸ್ಟ್ ಮೆಥಡ್ ಕರೆದರೆ ಅದೇ ಪಠ್ಯ ಸಿಗುತ್ತದೆ. ಸರ್ವರಿನಲ್ಲಿರುವ ಫೈಲಾದರೆ ಫೆಚ್ ಸಾಕು. ಲೆಕ್ಕದ ಫೈಲ್ ಎರಡೂ ಕಡೆ ಒಂದೇ. ಪರೀಕ್ಷೆಯೂ ಒಂದೇ ಸಲ ಬರೆದರೆ ಆಯಿತು.

ಇಷ್ಟಾದ ಮೇಲೆ ಯಾವ ಕೆಂಪು ಸಾಲೂ ಇಲ್ಲದೆ ಬರುವ ದೋಷವೊಂದಿದೆ. ಮೇಲಿನ ಎಲ್ಲಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಇದು ತಪ್ಪು ಮೊತ್ತವನ್ನು ಸರಿಯಾದ ಮುಖದಲ್ಲಿ ತೋರಿಸುತ್ತದೆ. ಸರ್ವರಿನ ವರದಿಯಲ್ಲಿ ಜುಲೈ ತಿಂಗಳ ಮಳೆ ಒಂದು, ಮೊಬೈಲಿನಲ್ಲಿ ಇನ್ನೊಂದು. ವರ್ಷದ ಮೊತ್ತ ಮಾತ್ರ ಎರಡೂ ಕಡೆ ಹತ್ತಿರ ಹತ್ತಿರ.

ಕಾರಣ ಕಾಲವಲಯ. ಬಾಡಿಗೆ ಸರ್ವರುಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿರುತ್ತದೆ, ನಮ್ಮ ಫೋನಿನ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕೋಡ್ ವರ್ಷ, ತಿಂಗಳು, ದಿನ ಕೊಟ್ಟು ಒಂದು ಡೇಟ್ ಕಟ್ಟುತ್ತದೆ, ಆಮೇಲೆ ಟುಐಎಸ್ಒಸ್ಟ್ರಿಂಗ್ ಕರೆದು ಮೊದಲ ಏಳು ಅಕ್ಷರಗಳನ್ನು ತಿಂಗಳ ಗುರುತಾಗಿ ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. 2024ರ ಜುಲೈ 1 ಎಂದು ಕಟ್ಟಿದ ಡೇಟ್ ಸರ್ವರಿನಲ್ಲಿ ಯುಟಿಸಿಯ ನಡುರಾತ್ರಿ, ಗುರುತು ಜುಲೈ. ಫೋನಿನಲ್ಲಿ ಅದು ಭಾರತದ ನಡುರಾತ್ರಿ. ಯುಟಿಸಿಗೆ ತಿರುಗಿಸಿದರೆ ಜೂನ್ 30ರ ಸಂಜೆ 18:30, ಗುರುತು ಜೂನ್. ಹೀಗೆ ಪ್ರತಿ ದಿನದ ಮಳೆಯೂ ಒಂದು ದಿನ ಹಿಂದೆ ಸರಿಯುತ್ತದೆ. ತಿಂಗಳ ನಡುವಿನ ದಿನಗಳಲ್ಲಿ ಮೊತ್ತಕ್ಕೆ ಏನೂ ಆಗದು. ಅಂಚಿನಲ್ಲಿ ಮಾತ್ರ ಜುಲೈ 1ರ ಮಳೆ ಜೂನ್‌ಗೆ ಹೋಗುತ್ತದೆ, ಆಗಸ್ಟ್ 1ರದು ಜುಲೈಗೆ ಬರುತ್ತದೆ. ಫೆಬ್ರವರಿಯಲ್ಲಿ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ ತಿಂಗಳ ಮಳೆ ಸುರಿಯುವಾಗ ಒಂದು ದಿನದ ಮಳೆಯೇ ಮೊತ್ತವನ್ನು ಕಣ್ಣಿಗೆ ಬೀಳುವಷ್ಟು ಬದಲಿಸುತ್ತದೆ. ಕಾಫಿ ಹೂ ಅರಳಿಸುವ ಹೂ ಮಳೆ ಯಾವ ದಿನ ಬಿತ್ತು ಎಂಬ ಒಂದು ದಿನದ ವ್ಯತ್ಯಾಸವೂ ತೋಟದವರಿಗೆ ಸಣ್ಣದಲ್ಲ, ಅದರ ನಂತರ ಬೇಕಾಗುವ ಬ್ಯಾಕಿಂಗ್ ಮಳೆಗೆ ದಿನ ಎಣಿಸುವುದು ಅಲ್ಲಿಂದಲೇ.

ಇದನ್ನು ಖಚಿತಪಡಿಸಿಕೊಳ್ಳಲು ಫೋನೂ ಬೇಡ. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಟಿಝಡ್ ಎಂಬ ಪರಿಸರ ಚರವನ್ನು (ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಮೌಲ್ಯ) ಒಮ್ಮೆ ಯುಟಿಸಿಗೆ, ಒಮ್ಮೆ ಏಷ್ಯಾ/ಕೋಲ್ಕತ್ತಾಗೆ ಇಟ್ಟು ಅದೇ ಪರೀಕ್ಷೆಯನ್ನು ನೋಡ್‌ನಲ್ಲಿ ಓಡಿಸಿ. ಎರಡು ಉತ್ತರ ಬಂದರೆ ಕಳ್ಳ ಸಿಕ್ಕ. ಪರಿಹಾರ ಸರಳ. ಮಳೆಯ ದಿನಕ್ಕೆ ಗಂಟೆ ನಿಮಿಷ ಇಲ್ಲ, ಅದನ್ನು ಡೇಟ್ ಮಾಡುವ ಅಗತ್ಯವೇ ಇಲ್ಲ. ಸಿಎಸ್‌ವಿಯಲ್ಲಿ 2024-07-01 ಎಂದಿರುವ ಅಕ್ಷರಗಳಿಂದಲೇ 2024-07 ತೆಗೆದುಕೊಂಡರೆ ಕಾಲವಲಯ ಲೆಕ್ಕದೊಳಗೆ ಬರುವುದೇ ಇಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಮಾತು. ಇಂಚನ್ನು ದಶಮಾಂಶದಲ್ಲಿ ಕೂಡಿಸಬೇಡಿ. 1.1ಕ್ಕೆ 2.2 ಕೂಡಿಸಿದರೆ ಜಾವಾಸ್ಕ್ರಿಪ್ಟ್ 3.3000000000000003 ಎನ್ನುತ್ತದೆ, ನೋಡ್‌ನಲ್ಲೂ ಬ್ರೌಸರಿನಲ್ಲೂ. ನಮ್ಮಲ್ಲಿ ಆಗಲೇ ಸೆಂಟಿನ ಲೆಕ್ಕವಿದೆ: ನೂರು ಸೆಂಟಿಗೆ ಒಂದು ಇಂಚು. ಪೂರ್ಣ ಸಂಖ್ಯೆಯ ಸೆಂಟುಗಳನ್ನೇ ಕೂಡಿಸಿ, ತೋರಿಸುವಾಗ ನೂರರಿಂದ ಭಾಗಿಸಿ. ಮಿಲಿಮೀಟರ್ ಬೇಕೆಂದವರಿಗೆ ಇಂಚನ್ನು 25.4ರಿಂದ ಗುಣಿಸಿ ಕೊನೆಯಲ್ಲಿ ಮಾತ್ರ ತೋರಿಸಿ.

ಪ್ರೊಸೆಸ್, ಬಫರ್, ಗ್ಲೋಬಲ್

ಬಿಲ್ಡ್ ಮುಗಿದು ಪುಟ ತೆರೆದ ಕೂಡಲೇ "ಪ್ರೊಸೆಸ್ ಈಸ್ ನಾಟ್ ಡಿಫೈನ್ಡ್" ಬಂದರೆ ಯಾವುದೋ ಲೈಬ್ರರಿ ನೋಡ್‌ನ ಜಾಗತಿಕ ಹೆಸರನ್ನು ನೇರವಾಗಿ ಬಳಸಿದೆ. ಇವು ಇಂಪೋರ್ಟ್ ಆಗುವುದಿಲ್ಲ, ಸುಮ್ಮನೆ ಇರುತ್ತವೆ ಎಂದು ನಂಬಿ ಬರೆದಿರುತ್ತಾರೆ, ಹಾಗಾಗಿ ಬಂಡ್ಲರ್ ಎಷ್ಟೋ ಸಲ ಹಿಡಿಯುವುದಿಲ್ಲ. ಗ್ಲೋಬಲ್ ಎಂಬುದು ನಿಮ್ಮದೇ ಕೋಡಿನಲ್ಲಿದ್ದರೆ ಗ್ಲೋಬಲ್‌ದಿಸ್ ಎಂದು ಬದಲಿಸಿ. ಅದು ಇಎಸ್ 2020ರಿಂದ ಭಾಷೆಯಲ್ಲೇ ಇದೆ, ಎರಡೂ ಕಡೆ ನಡೆಯುತ್ತದೆ. ಪರಿಸರ ಚರಗಳನ್ನು ಓದುವ ಸಾಲುಗಳನ್ನು ಬಂಡ್ಲರಿನ ಡಿಫೈನ್ ಸೌಲಭ್ಯ ಬಿಲ್ಡ್ ಹೊತ್ತಿನಲ್ಲೇ ನಿಜವಾದ ಮೌಲ್ಯದಿಂದ ತುಂಬುತ್ತದೆ. ನೆನಪಿರಲಿ, ತುಂಬಿದ ಮೌಲ್ಯ ಬಂಡಲಿನೊಳಗೆ ಅಕ್ಷರವಾಗಿ ಕೂರುತ್ತದೆ. ಸರ್ವರಿನಲ್ಲಿ ಆಮೇಲೆ ಬದಲಿಸಿದರೆ ಮತ್ತೆ ಬಿಲ್ಡ್ ಆಗುವವರೆಗೆ ಏನೂ ಬದಲಾಗದು.

ಬೈಟುಗಳನ್ನು ಹಿಡಿದಿಡುವ ಬಫರ್ ಸ್ವಲ್ಪ ಮೋಸದ್ದು. ಅದನ್ನು ತೆಗೆದು ಯುಇಂಟ್8ಅರೇ ಹಾಕಿದರೆ ಹೆಚ್ಚಿನ ಕಡೆ ನಡೆಯುತ್ತದೆ, ಬಫರ್ ಎಂಬುದೇ ಅದರ ಉಪವರ್ಗ. ಆದರೆ ಬಫರಿನ ಮೇಲೆ ಹೆಕ್ಸ್ ಎಂದು ಕೊಟ್ಟು ಟುಸ್ಟ್ರಿಂಗ್ ಕರೆದರೆ ಹೆಕ್ಸ್ ಅಕ್ಷರಗಳು ಬರುತ್ತವೆ. ಯುಇಂಟ್8ಅರೇ ಮೇಲೆ ಅದನ್ನೇ ಕರೆದರೆ ಕೊಟ್ಟ ಹೆಕ್ಸನ್ನು ಕೇಳಿಸಿಕೊಳ್ಳದೆ ಅಲ್ಪವಿರಾಮ ಹಾಕಿದ ಅಂಕಿಗಳ ಸಾಲು ಕೊಡುತ್ತದೆ. ಸ್ಲೈಸ್ ಕೂಡ ಬೇರೆ: ಬಫರಿನದು ಅದೇ ನೆನಪಿನ ಭಾಗವನ್ನು ತೋರಿಸುತ್ತದೆ, ಯುಇಂಟ್8ಅರೇಯದು ಪ್ರತಿ ಮಾಡುತ್ತದೆ. ಬದಲಿಸಿದ ಜಾಗಗಳಲ್ಲಿ ಈ ಎರಡು ಹೆಸರುಗಳನ್ನು ಹುಡುಕಿ ಒಂದೊಂದಾಗಿ ನೋಡಿ. ಟೈಮರುಗಳಲ್ಲೂ ಇಂಥದೇ ವ್ಯತ್ಯಾಸವಿದೆ. ಸೆಟ್‌ಟೈಮೌಟ್ ನೋಡ್‌ನಲ್ಲಿ ಒಂದು ವಸ್ತುವನ್ನು, ಬ್ರೌಸರಿನಲ್ಲಿ ಒಂದು ಅಂಕಿಯನ್ನು ಹಿಂತಿರುಗಿಸುತ್ತದೆ. "ಅನ್‌ರೆಫ್ ಈಸ್ ನಾಟ್ ಎ ಫಂಕ್ಷನ್" ಎಂದು ಕಂಡರೆ ಅಲ್ಲಿ ನೋಡಿ.

ಚೆಕ್‌ರೋಲಿನ ಡೇಟಾಬೇಸ್: ಇಲ್ಲಿ ಪಾಲಿಫಿಲ್ ಹುಡುಕಲೇಬೇಡಿ

ಮಳೆ ಲೆಕ್ಕ ಬ್ರೌಸರಿಗೆ ಬಂದದ್ದನ್ನು ನೋಡಿ ಚೆಕ್‌ರೋಲನ್ನೂ ಹಾಗೆಯೇ ತರಲು ಹೊರಟರೆ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡ್ರೈವರ್ ನೆಟ್ ಇಲ್ಲ, ಟಿಎಲ್ಎಸ್ ಇಲ್ಲ ಎಂದು ನಿಲ್ಲುತ್ತದೆ. ಇದಕ್ಕೆ ಫಾಲ್‌ಬ್ಯಾಕ್ ಯಾವುದು ಎಂದು ಹುಡುಕುವವರಿಗೆ ನನ್ನ ಉತ್ತರ ಒಂದೇ: ಬೇಡ. ಬ್ರೌಸರಿನಲ್ಲಿರುವ ಪುಟ ಡೇಟಾಬೇಸಿಗೆ ನೇರ ಟಿಸಿಪಿ ಸಂಪರ್ಕ ತೆರೆಯಲಾರದು, ಮತ್ತು ತೆರೆಯಬಾರದು. ಅದಕ್ಕೆ ಬೇಕಾದ ಪಾಸ್‌ವರ್ಡ್ ಬಂಡಲಿನ ಜೊತೆ ಪ್ರತಿಯೊಬ್ಬರ ಫೋನಿಗೂ ಇಳಿಯುತ್ತದೆ. ಸೋರ್ಸಸ್ ಟ್ಯಾಬ್ ತೆರೆಯಲು ಬಲ್ಲ ಯಾರಾದರೂ ಓದಬಹುದು. ಚೆಕ್‌ರೋಲಿನಲ್ಲಿ ಇರುವುದು ಕೆಲಸಗಾರರ ಹೆಸರು, ದಿನಗೂಲಿ, ಮುಂಗಡ, ಬ್ಯಾಂಕ್ ಖಾತೆ. ಅವರು ನಮ್ಮನ್ನು ನಂಬಿ ಕೊಟ್ಟದ್ದು ಅದು.

ಡ್ರೈವರ್ ಸರ್ವರಿನಲ್ಲೇ ಇರಲಿ. ಅಲ್ಲಿ ಎಕ್ಸ್‌ಪ್ರೆಸ್ ಅಥವಾ ಅಂಥದೇ ಒಂದರಲ್ಲಿ ಇವತ್ತಿನ ಹಾಜರಿ ಕೊಡು, ಇವತ್ತಿನ ಹಾಜರಿ ತೆಗೆದುಕೋ ಎಂಬಷ್ಟು ಸಣ್ಣ ದಾರಿಗಳನ್ನು ಬರೆದು, ಲಾಗಿನ್ ನೋಡಿ ಉತ್ತರ ಕೊಡಿ. ಬ್ರೌಸರ್ ಫೆಚ್ ಮೂಲಕ ಅದನ್ನು ಕೇಳಲಿ. ವೀಟ್ ತನ್ನ ಹೆಸರಿನ ಪೂರ್ವಪ್ರತ್ಯಯವಿರುವ ಪರಿಸರ ಚರಗಳನ್ನು ಮಾತ್ರ ಬ್ರೌಸರಿಗೆ ಬಿಡುತ್ತದೆ. ಮೌಲ್ಯ ಅನ್‌ಡಿಫೈನ್ಡ್ ಬರುತ್ತಿದೆ ಎಂದು ಡೇಟಾಬೇಸ್ ಪಾಸ್‌ವರ್ಡಿಗೆ ಆ ಪ್ರತ್ಯಯ ಸೇರಿಸುವುದು, ಬಾಗಿಲು ಇರುವ ಕಾರಣವನ್ನೇ ಮರೆತು ಚಿಲಕ ತೆಗೆದಂತಾಗುತ್ತದೆ. ಆಗಲೇ ಅಂಥ ಬಂಡಲ್ ಹೊರಗೆ ಹೋಗಿದ್ದರೆ ಫೈಲ್ ಅಳಿಸಿದರೆ ಸಾಲದು. ಪಾಸ್‌ವರ್ಡನ್ನೇ ಆ ದಿನವೇ ಬದಲಿಸಿ, ಏಕೆಂದರೆ ಹಳೆಯ ಪ್ರತಿ ಕ್ಯಾಶುಗಳಲ್ಲಿ ಉಳಿದಿರುತ್ತದೆ.

ಇದೇ ಜಾತಿಯ ಇನ್ನೊಂದು ದೋಷ, ಚುಕ್ಕೆ ನೋಡ್ ಎಂದು ಕೊನೆಯಾಗುವ ಫೈಲಿಗೆ ಲೋಡರ್ ಇಲ್ಲ ಎಂಬುದು. ಅವು ಸಿ++ನಿಂದ ಕಂಪೈಲ್ ಆದ ತುಂಡುಗಳು. ಬಿಕ್ರಿಪ್ಟ್, ಶಾರ್ಪ್, ಎಸ್‌ಕ್ಯೂಲೈಟ್3 ಇವುಗಳಲ್ಲಿ ಇರುತ್ತವೆ. ಸಂರಚನೆ ಎಷ್ಟು ತಿದ್ದಿದರೂ ಬ್ರೌಸರ್ ಅದನ್ನು ಓಡಿಸದು. ಬಿಕ್ರಿಪ್ಟ್ ಕೆಲಸ ಸರ್ವರಿನದೇ, ಅಲ್ಲೇ ಬಿಡಿ. ಎಸ್‌ಕ್ಯೂಲೈಟ್ ಬ್ರೌಸರಿನಲ್ಲೇ ಬೇಕಿದ್ದರೆ ವೆಬ್‌ಅಸೆಂಬ್ಲಿಗೆ ಕಂಪೈಲ್ ಆಗಿರುವ ಎಸ್‌ಕ್ಯೂಎಲ್ ಜೆಎಸ್ ಇದೆ.

ಟೆಸ್ಟ್ ಪಾಸ್, ಲ್ಯಾಪ್‌ಟಾಪ್ ಸರಿ, ಆದರೂ ಕೆಡುತ್ತಿದೆ

ಟೆಸ್ಟುಗಳು ಓಡುವುದು ಸಾಮಾನ್ಯವಾಗಿ ನೋಡ್‌ನಲ್ಲಿ. ಅಲ್ಲಿ ಬಫರೂ ಇದೆ, ಪ್ರೊಸೆಸ್ಸೂ ಇದೆ, ಆದ್ದರಿಂದ ಈ ಕೈಪಿಡಿಯ ಅರ್ಧ ದೋಷಗಳನ್ನು ಅವು ಹಿಡಿಯಲಾರವು. ಬಿಲ್ಡ್ ಆದ ಬಂಡಲನ್ನೇ ಒಂದು ನಿಜವಾದ ಬ್ರೌಸರಿನಲ್ಲಿ ತೆರೆದು ನೋಡುವುದಕ್ಕೆ ಬದಲಿ ಇಲ್ಲ.

ಒಂದೇ ಪ್ಯಾಕೇಜಿನಲ್ಲಿ ಎರಡು ಪ್ರತಿ ಇರುವುದೂ ಉಂಟು. ಅದರ ಪ್ಯಾಕೇಜ್ ಜೇಸನ್ ತೆರೆದು ಬ್ರೌಸರ್ ಎಂಬ ಕ್ಷೇತ್ರವನ್ನೂ ಎಕ್ಸ್‌ಪೋರ್ಟ್ಸ್ ಒಳಗಿನ ಷರತ್ತುಗಳನ್ನೂ ಓದಿ. ಬ್ರೌಸರಿಗೆ ಬೇರೆ ಫೈಲ್ ಕೊಟ್ಟಿದ್ದು, ನಿಮ್ಮ ಬಂಡ್ಲರ್ ನೋಡ್‌ನದನ್ನು ಎತ್ತುತ್ತಿದ್ದರೆ ಬಂಡ್ಲರಿನ ಗುರಿ ನೋಡ್ ಎಂದು ಇದೆಯೇ ನೋಡಿ. ಲೈಬ್ರರಿಯ ತಪ್ಪಿಲ್ಲದ ಕಡೆ ಲೈಬ್ರರಿ ಬದಲಿಸುವ ಶ್ರಮ ಉಳಿಯುತ್ತದೆ. "ಡಸ್ ನಾಟ್ ಪ್ರೊವೈಡ್ ಆ್ಯನ್ ಎಕ್ಸ್‌ಪೋರ್ಟ್ ನೇಮ್ಡ್ ಡಿಫಾಲ್ಟ್" ಎಂಬುದು ಇದ್ದಕ್ಕಿದ್ದಂತೆ ಕಂಡರೆ, ಕಾಮನ್‌ಜೆಎಸ್ ಮತ್ತು ಇಎಸ್ ಮಾಡ್ಯೂಲ್ ಬೆರೆತ ಜಾಗ ಅದು. ವೀಟ್‌ನಲ್ಲಾದರೆ ಮೊದಲು ಫೋರ್ಸ್ ಆಯ್ಕೆ ಕೊಟ್ಟು ಸರ್ವರ್ ಮತ್ತೆ ಶುರು ಮಾಡಿ. ಅದು ಮೊದಲೇ ಕಟ್ಟಿಟ್ಟ ಹಳೆಯ ಪ್ರತಿಯನ್ನು ಬಿಟ್ಟು ಹೊಸದಾಗಿ ಕಟ್ಟುತ್ತದೆ.

ಬಂಡಲಿನ ಗಾತ್ರವನ್ನೂ ನಾನು ದೋಷ ಎಂದೇ ಎಣಿಸುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಟವರಿನ ಬ್ಯಾಟರಿ ಇಳಿದ ಮೇಲೆ ನೆಟ್‌ವರ್ಕೂ ಹೋಗುತ್ತದೆ. ಸಿಗ್ನಲ್ ಒಂದು ಗೆರೆ ಇದ್ದಾಗ ಪಾಲಿಫಿಲ್ ತುಂಬಿದ ಬಂಡಲ್ ಇಳಿಯುವುದೇ ಇಲ್ಲ. ಬಿಲ್ಡ್ ಕೊನೆಯಲ್ಲಿ ಬರುವ ಗಾತ್ರದ ಪಟ್ಟಿಯನ್ನು ಪ್ರತಿ ಸಲ ಓದಿ. ಒಂದು ಫಂಕ್ಷನ್ನಿಗಾಗಿ ಇಡೀ ಲೈಬ್ರರಿ ತರಬೇಡಿ. ಪುಟವನ್ನು ಸರ್ವಿಸ್ ವರ್ಕರ್ ಎಂಬ ಹಿನ್ನೆಲೆ ಸ್ಕ್ರಿಪ್ಟಿನಿಂದ ಫೋನಿನಲ್ಲೇ ಉಳಿಸಿ, ಬೆಳಗಿನ ಮಳೆಯನ್ನು ಬ್ರೌಸರಿನದೇ ಡೇಟಾಬೇಸಾದ ಇಂಡೆಕ್ಸ್‌ಡ್‌ಡಿಬಿಯಲ್ಲಿ ಬರೆದಿಟ್ಟು, ನೆಟ್‌ವರ್ಕ್ ಬಂದಾಗ ಕಳಿಸುವಂತೆ ಮಾಡಿದರೆ ರೈಟರ್ ಕಾಯಬೇಕಾಗಿಲ್ಲ.

ಕೊನೆಯದಾಗಿ, ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ ಇದ್ದು, ಅದೇ ವೈಫೈಯಲ್ಲಿ 192.168ರಿಂದ ಶುರುವಾಗುವ ವಿಳಾಸ ಹಾಕಿ ಫೋನಿನಲ್ಲಿ ತೆರೆದಾಗ ಮಾತ್ರ ಕ್ರಿಪ್ಟೋದ ಸಟಲ್ ಅನ್‌ಡಿಫೈನ್ಡ್ ಆಗಿ, ಸರ್ವಿಸ್ ವರ್ಕರ್ ನೋಂದಣಿ ಆಗದೆ ಹೋದರೆ, ಮಾಡ್ಯೂಲುಗಳನ್ನು ಮತ್ತೆ ಕೆದಕಬೇಡಿ. ಈ ಎರಡನ್ನೂ ಬ್ರೌಸರ್ ಎಚ್‌ಟಿಟಿಪಿಎಸ್ ಪುಟಕ್ಕೆ ಮತ್ತು ಲೋಕಲ್‌ಹೋಸ್ಟಿಗೆ ಮಾತ್ರ ಕೊಡುತ್ತದೆ. ಲ್ಯಾಪ್‌ಟಾಪಿನಲ್ಲಿ ನೀವು ತೆರೆದದ್ದು ಲೋಕಲ್‌ಹೋಸ್ಟ್, ಫೋನಿನಲ್ಲಿ ತೆರೆದದ್ದು ಬರೀ ಎಚ್‌ಟಿಟಿಪಿ. ಕ್ರೋಮ್‌ನ ಇನ್ಸ್‌ಪೆಕ್ಟ್ ಪುಟದಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಂಬ ಬಟನ್ ಇದೆ. ಅಲ್ಲಿ ನಿಮ್ಮ ಪೋರ್ಟ್ ಸಂಖ್ಯೆ ಕೊಟ್ಟರೆ ಫೋನಿನ ಲೋಕಲ್‌ಹೋಸ್ಟ್ ಕೇಬಲಿನ ಮೂಲಕ ಲ್ಯಾಪ್‌ಟಾಪಿನ ಸರ್ವರಿಗೆ ತೆರೆದುಕೊಳ್ಳುತ್ತದೆ, ಸಟಲ್ ಕೂಡ ಸಿಗುತ್ತದೆ.